ಕೈಯಲ್ಲಿ ಬಳಿದ ಟಿಎಲ್‌ಸಿ ಪ್ಲೇಟ್‌ನ ಪದರ ಉದುರುತ್ತಿದೆ, ಅರಿಶಿನದ ಅಳತೆ ನಿಲ್ಲುತ್ತಿಲ್ಲ

ಅರಿಶಿನದ ಹೊಲ

ಎಲ್ಲರಿಗೂ ನಮಸ್ಕಾರ. ಜೀವರಸಾಯನ ವಿಜ್ಞಾನದಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮೂರು ಚಾಮರಾಜನಗರದ ಹತ್ತಿರ, ಮನೆಯಲ್ಲಿ ಅರಿಶಿನ ಬೆಳೆಯುತ್ತೇವೆ. ಹಾಗಾಗಿ ಪ್ರಾಜೆಕ್ಟಿಗೂ ಅದನ್ನೇ ಆರಿಸಿಕೊಂಡೆ. ಸುತ್ತಲಿನ ಆರು ಹೊಲಗಳ ಅರಿಶಿನ ಮತ್ತು ಅಂಗಡಿಯ ನಾಲ್ಕು ಪುಡಿಗಳಲ್ಲಿ ಕರ್ಕ್ಯುಮಿನ್ (ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಮುಖ್ಯ ವಸ್ತು) ಎಷ್ಟಿದೆ ಎಂದು ಅಳೆಯಬೇಕು. ತೆಳುಪದರ ಕ್ರೊಮ್ಯಾಟೋಗ್ರಫಿಯಲ್ಲಿ (ಟಿಎಲ್‌ಸಿ: ಗಾಜಿನ ಮೇಲೆ ಬಳಿದ ಸಿಲಿಕಾ ಪುಡಿಯ ಪದರದಲ್ಲಿ ದ್ರಾವಕ ಮೇಲೇರುವಾಗ ವಸ್ತುಗಳು ಬೇರೆ ಬೇರೆ ಎತ್ತರಕ್ಕೆ ಹೋಗುವ ವಿಧಾನ) ಬೇರ್ಪಡಿಸಿ, ಕರ್ಕ್ಯುಮಿನ್ ಇರುವ ಪಟ್ಟಿಯನ್ನು ಕೆರೆದು, ಮೆಥನಾಲ್‌ನಲ್ಲಿ ಕರಗಿಸಿ, 425 ನ್ಯಾನೊಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಯಂತ್ರದಲ್ಲಿ ಓದುವುದು ನನ್ನ ಯೋಜನೆ.

ವಿಭಾಗದಲ್ಲಿ ಸಿದ್ಧ ಪ್ಲೇಟ್‌ಗಳಿಲ್ಲ. 10×20 ಸೆಂ.ಮೀ. ಗಾಜುಗಳಿವೆ, ಒಂದು ಡಬ್ಬಿ ಸಿಲಿಕಾ ಜೆಲ್ ಜಿ ಇದೆ. ಪದರ ಬಳಿಯುವ ಸ್ಪ್ರೆಡರ್ ಕೆಟ್ಟಿದೆ. ಗಾಜಿನ ಎರಡೂ ಅಂಚಿಗೆ ಟೇಪ್ ಅಂಟಿಸಿ ಗಾಜಿನ ಕಡ್ಡಿಯಿಂದ ಎಳೆದು ಪದರ ಮಾಡುತ್ತಿದ್ದೇನೆ. ಎರಡು ವಾರದಿಂದ ಒಂದು ಪ್ಲೇಟ್ ಕೂಡ ನೆಟ್ಟಗೆ ಬಂದಿಲ್ಲ. ಒಣಗುವಾಗ ಬರಗಾಲದ ಕೆರೆಯಂತೆ ಬಿರುಕು ಬಿಡುತ್ತದೆ. ಬಿರುಕು ಬಿಡದೆ ಉಳಿದದ್ದು ಬೆರಳು ತಾಗಿದರೆ ಸಾಕು, ಪುಡಿಯಾಗಿ ಉದುರುತ್ತದೆ. ಮೊನ್ನೆ ಪ್ಲೇಟ್ ನಿಲ್ಲಿಸುವ ಗಾಜಿನ ಚೇಂಬರ್‌ನಲ್ಲಿ ದ್ರಾವಕ ಅರ್ಧ ಏರಿದಾಗ ಇಡೀ ಪದರವೇ ಜಾರಿ ತಳಕ್ಕೆ ಬಿತ್ತು. ಹೇಗೋ ಪೂರ್ತಿ ಓಡಿದ ಮೂರು ಪ್ಲೇಟ್‌ಗಳಲ್ಲಿ ಒಂದೇ ಮಾದರಿಯ ಆರ್‌ಎಫ್ (ದ್ರಾವಕ ಏರಿದ ದೂರದಲ್ಲಿ ಚುಕ್ಕೆ ಎಷ್ಟು ಭಾಗ ಏರಿತು ಎಂಬ ಅಳತೆ) 0.71, 0.58, 0.66 ಬಂದಿದೆ. ಗೈಡ್ ಕೇಳಿದರೆ ಏನು ಹೇಳಲಿ? ಎಲ್ಲಿ ತಪ್ಪುತ್ತಿದ್ದೇನೆ ಎಂದು ತಿಳಿದವರು ದಯವಿಟ್ಟು ಹೇಳಿ.

ಗುಣಮಟ್ಟ ಪರೀಕ್ಷಕ

ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ನನ್ನ ಸಲಹೆ ನೇರವಾಗಿದೆ: ಅಲ್ಯೂಮಿನಿಯಂ ಹಾಳೆಯ ಮೇಲೆ ಬಳಿದ ಸಿದ್ಧ ಪ್ಲೇಟ್ ತರಿಸಿಕೊಳ್ಳಿ. ಸಿಲಿಕಾ ಜೆಲ್ 60 ಎಫ್254 ಎಂದು ಕೇಳಿ. 60 ಎಂದರೆ ರಂಧ್ರದ ಅಗಲ 60 ಆಂಗ್‌ಸ್ಟ್ರಾಮ್, ಎಫ್254 ಎಂದರೆ 254 ನ್ಯಾನೊಮೀಟರ್ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಪುಡಿ ಸೇರಿಸಿದ್ದು. 20×20ರ ಹಾಳೆಯನ್ನು ಕತ್ತರಿಯಿಂದ ಬೇಕಾದ ಅಳತೆಗೆ ಕತ್ತರಿಸಬಹುದು. ಪ್ರಮಾಣ ಅಳೆಯುವ ಕೆಲಸದಲ್ಲಿ ಪದರದ ದಪ್ಪ ಹೆಚ್ಚುಕಡಿಮೆಯಾದರೆ ಫಲಿತಾಂಶಕ್ಕೆ ಬೆಲೆಯಿಲ್ಲ.

ಇನ್ನೊಂದು ಪ್ರಶ್ನೆ: ಪುಡಿಯನ್ನು ಮೆಥನಾಲ್‌ನಲ್ಲಿ ಕರಗಿಸಿ ನೇರವಾಗಿ 425ರಲ್ಲಿ ಓದಬಹುದಲ್ಲ, ಟಿಎಲ್‌ಸಿ ಏಕೆ?

ಅರಿಶಿನದ ಹೊಲ

ಸರ್, ನೇರವಾಗಿ ಓದಿದರೆ ಕರ್ಕ್ಯುಮಿನ್, ಡಿಮಿಥಾಕ್ಸಿ ಕರ್ಕ್ಯುಮಿನ್, ಬಿಸ್‌ಡಿಮಿಥಾಕ್ಸಿ ಕರ್ಕ್ಯುಮಿನ್ ಎಂಬ ಅರಿಶಿನದ ಮೂರೂ ಹಳದಿ ವಸ್ತುಗಳು ಒಟ್ಟಾಗಿ ಬರುತ್ತವೆ. ಅಂಗಡಿಯ ಪುಡಿಗೆ ಮೆಟಾನಿಲ್ ಯೆಲ್ಲೊ ಎಂಬ ಕೃತಕ ಬಣ್ಣ ಬೆರೆಸಿದ್ದರೆ ಅದೂ ಹಳದಿಯೇ, ಲೆಕ್ಕಕ್ಕೆ ಸೇರಿಬಿಡುತ್ತದೆ. ಕ್ಲೋರೋಫಾರ್ಮ್ ಮತ್ತು ಮೆಥನಾಲ್ 95:5ರಲ್ಲಿ ಓಡಿಸಿದರೆ ಕರ್ಕ್ಯುಮಿನ್ ಎಲ್ಲಕ್ಕಿಂತ ಮೇಲೆ ಹೋಗುತ್ತದೆ, ಬಿಸ್‌ಡಿಮಿಥಾಕ್ಸಿ ಕೆಳಗೆ ಉಳಿಯುತ್ತದೆ, ಆ ಬಣ್ಣ ಚುಕ್ಕೆ ಇಟ್ಟ ಜಾಗ ಬಿಟ್ಟು ಹೆಚ್ಚು ಕದಲುವುದಿಲ್ಲ. ಬೇರ್ಪಡಿಸದೆ ಅಳೆದರೆ ಪ್ರಾಜೆಕ್ಟಿಗೆ ಅರ್ಥವಿಲ್ಲ. ಸಿದ್ಧ ಪ್ಲೇಟ್‌ಗೆ ಬೇಡಿಕೆ ಕೊಟ್ಟಿದ್ದೇವೆ, ಈ ಸೆಮಿಸ್ಟರ್‌ನಲ್ಲಿ ಬರುವ ಭರವಸೆ ಇಲ್ಲ.

ಹಳೆಯ ಬೀಕರ್

ತಂಗಿ, ಮೂವತ್ತು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದು ನಿವೃತ್ತನಾಗಿದ್ದೇನೆ. ವರ್ಷಕ್ಕೆ ಇನ್ನೂರು ಮುನ್ನೂರು ಪ್ಲೇಟ್ ಬಳಿದ ಕೈ ಇದು. ಕೈಯಲ್ಲಿ ಬಳಿದ ಪ್ಲೇಟ್‌ನಿಂದ ಪ್ರಮಾಣ ಅಳೆಯಲು ಖಂಡಿತ ಬರುತ್ತದೆ. ಟಿಎಲ್‌ಸಿ ಬೆಳೆದದ್ದೇ ಕೈಯಲ್ಲಿ ಬಳಿದ ಗಾಜಿನ ಮೇಲೆ.

ಮೊದಲು ಕೆಲವು ವಿಷಯ ಹೇಳಿ. ಸಿಲಿಕಾ ಎಷ್ಟು, ನೀರು ಎಷ್ಟು? ಕಲಸಿ ಎಷ್ಟು ಹೊತ್ತಿಗೆ ಬಳಿಯುತ್ತೀರಿ? ಬಳಿದ ಮೇಲೆ ಹೇಗೆ ಒಣಗಿಸುತ್ತೀರಿ? ಡಬ್ಬಿ ತೆರೆದು ಎಷ್ಟು ಕಾಲವಾಯಿತು? ಗಾಜನ್ನು ಯಾವುದರಿಂದ ತೊಳೆಯುತ್ತೀರಿ?

ಅರಿಶಿನದ ಹೊಲ

ಸರ್, 3 ಗ್ರಾಂ ಸಿಲಿಕಾಕ್ಕೆ 6 ಮಿ.ಲೀ. ನೀರು. ಬೇಗ ಗಟ್ಟಿಯಾಗುತ್ತದೆ ಎಂದು ಹೆದರಿ ಈಚೆಗೆ 9 ಮಿ.ಲೀ. ಹಾಕುತ್ತಿದ್ದೇನೆ. ಬಳಿದ ಕೂಡಲೇ 150 ಡಿಗ್ರಿ ಓವನ್‌ನಲ್ಲಿ ಇಡುತ್ತೇನೆ, ಒಮ್ಮೊಮ್ಮೆ ಫ್ಯಾನ್ ಕೆಳಗೆ. ಡಬ್ಬಿ ನಮ್ಮ ಸೀನಿಯರ್‌ಗಳ ಕಾಲದ್ದು, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಗಾಜನ್ನು ವಾಷಿಂಗ್ ಸೋಡಾ ನೀರಿನಲ್ಲಿ ನೆನೆಸಿ ನಲ್ಲಿ ನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸುತ್ತೇನೆ.

ಹಳೆಯ ಬೀಕರ್

ಈಗ ಗೊತ್ತಾಯಿತು. ಒಂದೊಂದಾಗಿ ಬಿಡಿಸೋಣ.

ಜಿ ಎಂದರೆ ಜಿಪ್ಸಂ. ಸಿಲಿಕಾಕ್ಕೆ ನೂರಕ್ಕೆ ಸುಮಾರು 13ರಷ್ಟು ಕ್ಯಾಲ್ಸಿಯಂ ಸಲ್ಫೇಟ್ ಬೆರೆಸಿರುತ್ತಾರೆ. ಅದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ರೂಪದಲ್ಲಿ, ಅಂದರೆ ಮುಕ್ಕಾಲು ಪಾಲು ನೀರು ಕಳೆದುಕೊಂಡ ಸ್ಥಿತಿಯಲ್ಲಿ ಇರಬೇಕು. ನೀವು ನೀರು ಹಾಕಿದಾಗ ಅದು ಆ ನೀರನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ, ಸಿಲಿಕಾ ಕಣಗಳನ್ನು ಗಾಜಿಗೆ ಕಚ್ಚಿಸುತ್ತದೆ. ಮುಚ್ಚಳ ಸಡಿಲವಾದ ಡಬ್ಬಿಯಲ್ಲಿ ಅದು ಮಳೆಗಾಲದ ತೇವವನ್ನು ಕುಡಿದು ಮೊದಲೇ ಗಟ್ಟಿಯಾಗಿ ಕೂತಿರುತ್ತದೆ. ಸಿಮೆಂಟ್ ಚೀಲವನ್ನು ಮಳೆಗೆ ಬಿಟ್ಟರೆ ಆಗುವುದೇ ಇಲ್ಲಿಯೂ ಆಗುವುದು. ಮತ್ತೆ ನೀರು ಹಾಕಿ ಎಷ್ಟು ಕಲಸಿದರೂ ಹಿಡಿಯುವ ಶಕ್ತಿ ಬರುವುದಿಲ್ಲ. ಪದರ ಉದುರುವುದಕ್ಕೆ ಮೊದಲ ಕಾರಣ ಇದೇ ಎಂದು ನನಗೆ ಅನಿಸುತ್ತದೆ.

ಪರೀಕ್ಷೆ ಸುಲಭ. ಒಂದು ವಾಚ್‌ಗ್ಲಾಸ್ ಮೇಲೆ ಅರ್ಧ ಚಮಚ ಪುಡಿಗೆ ಎರಡರಷ್ಟು ನೀರು ಹಾಕಿ ಕಲಸಿ ಇಡಿ. ನಾಲ್ಕೈದು ನಿಮಿಷಕ್ಕೆ ಬಿಗಿಯತೊಡಗಬೇಕು. ಅರ್ಧ ಗಂಟೆಯಾದರೂ ತೆಳ್ಳಗೆ ಹರಿಯುತ್ತಿದ್ದರೆ ಆ ಡಬ್ಬಿಯ ಆಸೆ ಬಿಡಿ.

ಇನ್ನು ನೀರು. 3ಕ್ಕೆ 6 ಸರಿಯಾಗಿಯೇ ಇತ್ತು. 20×20ರ ಐದು ಪ್ಲೇಟ್‌ಗೆ 30 ಗ್ರಾಂ, 60 ಮಿ.ಲೀ. ಎನ್ನುವುದು ಹಳೆಯ ಲೆಕ್ಕ, ನಿಮ್ಮದು ಅದಕ್ಕೆ ಸರಿಹೊಂದುತ್ತದೆ. ನೀರು ಹೆಚ್ಚಾದಷ್ಟೂ ಒಣಗುವಾಗ ಪದರ ಹೆಚ್ಚು ಕುಗ್ಗುತ್ತದೆ, ಕುಗ್ಗಿದರೆ ಬಿರುಕು ಬಿಡುತ್ತದೆ. ಹದ ಹೇಗಿರಬೇಕೆಂದರೆ, ನೀರುದೋಸೆಯ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆಯ ಹಿಟ್ಟಿಗಿಂತ ತೆಳು. ಬೀಕರ್ ಓರೆ ಮಾಡಿದರೆ ಒಂದೇ ಧಾರೆಯಾಗಿ ಇಳಿಯಬೇಕು, ತೊಟ್ಟಿಕ್ಕಬಾರದು. ಪುಡಿಗೆ ನೀರನ್ನು ಒಂದೇ ಸಲ ಹಾಕಿ, ಮುಚ್ಚಳವಿರುವ ಶಂಕುವಿನಾಕಾರದ ಫ್ಲಾಸ್ಕ್‌ನಲ್ಲಿ ಮುಕ್ಕಾಲು ನಿಮಿಷ ಗಟ್ಟಿಯಾಗಿ ಕುಲುಕಿ. ಗುಳ್ಳೆ ಬಂದರೆ ಫ್ಲಾಸ್ಕ್‌ನ ತಳವನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟಿ. ಕುಲುಕಿ ಮುಗಿದ ಮೇಲೆ ಎರಡು ನಿಮಿಷದೊಳಗೆ ಬಳಿದು ಮುಗಿಸಬೇಕು. ಬಿಗಿಯತೊಡಗಿದ ಮೇಲೆ ಮತ್ತೆ ನೀರು ಸೇರಿಸಬೇಡಿ, ಚೆಲ್ಲಿ ಹೊಸದು ಮಾಡಿ. ಹಾಗೆಯೇ ಒಣ ಪುಡಿಯನ್ನು ತೂಗುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ನನ್ನ ಕಾಲದಲ್ಲಿ ನಾವು ಕಟ್ಟಿಕೊಳ್ಳಲಿಲ್ಲ, ಅದು ತಪ್ಪು.

ಒಣಗಿಸುವುದು: ಬಳಿದ ಪ್ಲೇಟನ್ನು ಅಲುಗಿಸದೆ ಸಮತಟ್ಟಾದ ಹಲಗೆಯ ಮೇಲೆಯೇ ಬಿಡಿ. ಮೊದಲಿಗೆ ಅದರ ಮೇಲೆ ದೀಪದ ಬೆಳಕು ಹೊಳೆಯುತ್ತಿರುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಆ ಹೊಳಪು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಸರಿದು ಮಾಯವಾಗಿ, ಮೇಲ್ಮೈ ಸುಣ್ಣದ ಗೋಡೆಯಂತೆ ಮಂಕಾಗುತ್ತದೆ. ಅಲ್ಲಿಯವರೆಗೆ ಮುಟ್ಟಬೇಡಿ. ಆಮೇಲೆ ಫ್ಯಾನ್ ಇಲ್ಲದ ಜಾಗದಲ್ಲಿ ಇಡೀ ರಾತ್ರಿ ಬಿಡಿ. ಮರುದಿನ 105ರಿಂದ 110 ಡಿಗ್ರಿಯಲ್ಲಿ ಅರ್ಧ ಗಂಟೆ. 150 ಬೇಡ, ಅಷ್ಟು ಬಿಸಿಗೆ ಜಿಪ್ಸಂ ಹಿಡಿದುಕೊಂಡ ನೀರನ್ನೇ ಬಿಟ್ಟುಕೊಡುತ್ತದೆ, ಪದರ ಮತ್ತೆ ಸಡಿಲವಾಗುತ್ತದೆ.

ಗಾಜು ತೊಳೆಯುವುದರ ಬಗ್ಗೆ ನಾಳೆ ಬರೆಯುತ್ತೇನೆ, ಅದರಲ್ಲಿಯೂ ಒಂದು ತೊಂದರೆ ಇದೆ.

ಸ್ಕ್ರೂಗೇಜ್

ನಾನು ಭೌತಶಾಸ್ತ್ರದ ಮೇಷ್ಟ್ರು, ಟಿಎಲ್‌ಸಿ ನನ್ನ ವಿಷಯವಲ್ಲ. ಆದರೂ ಕೇಳುತ್ತೇನೆ: ಆ ಟೇಪ್ ಎಷ್ಟು ದಪ್ಪ ಎಂದು ಅಳೆದಿದ್ದೀರಾ? ಪದರದ ದಪ್ಪವನ್ನು ನಿರ್ಧರಿಸುವುದು ಅದೇ ತಾನೆ? ನಿಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸ್ಕ್ರೂಗೇಜ್ ಇದ್ದೇ ಇರುತ್ತದೆ. ಗಾಜನ್ನು ಬರಿದಾಗಿ ಒಮ್ಮೆ, ಟೇಪ್ ಅಂಟಿಸಿ ಒಮ್ಮೆ ಅಳೆಯಿರಿ. ಗಾಜಿನ ಕಡ್ಡಿ ನೇರವಾಗಿದೆಯೇ ಎಂದೂ ನೋಡಿ. ಸಮತಟ್ಟಾದ ಮೇಜಿನ ಮೇಲೆ ಉರುಳಿಸಿದರೆ ಬಾಗಿದ ಕಡ್ಡಿ ಕುಂಟುತ್ತದೆ.

ಕರಾವಳಿ ಮಳೆ

ಮೇಷ್ಟ್ರು ಹೇಳಿದ್ದು ಬಹಳ ಮುಖ್ಯ. ಸಾಮಾನ್ಯವಾಗಿ ಬೇಕಾದ ದಪ್ಪ 0.25 ಮಿ.ಮೀ. ಹಸಿಯಾಗಿದ್ದಾಗ ಅಷ್ಟಿರುವ ಪದರ ಒಣಗಿದ ಮೇಲೆ ಇನ್ನೂ ತೆಳುವಾಗುತ್ತದೆ, ಅದು ಸಹಜ. ಎಲ್ಲ ಪ್ಲೇಟ್‌ಗಳಲ್ಲೂ ಒಂದೇ ತೆರನಾಗಿದ್ದರೆ ಸಾಕು.

ನಾನು ಉಡುಪಿ ಕಡೆಯ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಿಮ್ಮ ಆರ್‌ಎಫ್ ಕುಣಿಯುವುದಕ್ಕೆ ನಮ್ಮ ಅನುಭವದಿಂದ ಒಂದು ಕಾರಣ ಹೇಳಬಲ್ಲೆ. ಓವನ್‌ನಿಂದ ತೆಗೆದ ಪ್ಲೇಟ್ ಬಾಯಾರಿದ ಮಣ್ಣಿನಂತೆ, ಗಾಳಿಯ ತೇವವನ್ನು ಕೆಲವೇ ನಿಮಿಷಗಳಲ್ಲಿ ಎಳೆದುಕೊಳ್ಳುತ್ತದೆ. ತೇವ ಕುಡಿದ ಸಿಲಿಕಾ ವಸ್ತುವನ್ನು ಬಿಗಿಯಾಗಿ ಹಿಡಿಯಲಾರದು, ಚುಕ್ಕೆ ಹೆಚ್ಚು ಮೇಲೆ ಓಡುತ್ತದೆ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಬರುವ ಆರ್‌ಎಫ್ ಜನವರಿಯಲ್ಲಿ ಬರುವುದೇ ಇಲ್ಲ. ಚುಕ್ಕೆ ಇಡಲು ಒಬ್ಬ ವಿದ್ಯಾರ್ಥಿಗೆ ಐದು ನಿಮಿಷ, ಇನ್ನೊಬ್ಬರಿಗೆ ಇಪ್ಪತ್ತು ನಿಮಿಷ ಹಿಡಿದರೆ ಒಂದೇ ದಿನದಲ್ಲೂ ವ್ಯತ್ಯಾಸ ಬರುತ್ತದೆ. ಪ್ಲೇಟ್ ಮೇಲೆ ಬಗ್ಗಿ ಉಸಿರು ಬಿಟ್ಟರೂ ಸಾಕು.

ಓವನ್‌ನಿಂದ ನೇರ ಡೆಸಿಕೇಟರ್‌ಗೆ (ತೇವ ಹೀರುವ ವಸ್ತುವಿಟ್ಟ ಮುಚ್ಚಿದ ಪಾತ್ರೆಗೆ), ಅಲ್ಲಿಂದ ತೆಗೆದು ಚುಕ್ಕೆ ಇಟ್ಟು ಚೇಂಬರ್‌ಗೆ ಇಳಿಸುವವರೆಗಿನ ಸಮಯವನ್ನು ಗಡಿಯಾರ ನೋಡಿ ಒಂದೇ ರೀತಿ ಇಡಿ. ಪ್ರತಿ ಪ್ಲೇಟ್ ಮೇಲೂ ಶುದ್ಧ ಕರ್ಕ್ಯುಮಿನ್‌ನ ಚುಕ್ಕೆ ಇರಲೇಬೇಕು, ಎರಡು ಬದಿಗೂ ಇದ್ದರೆ ಒಳ್ಳೆಯದು. ಮಾದರಿಯನ್ನು ಅದೇ ಪ್ಲೇಟ್‌ನ ಶುದ್ಧ ವಸ್ತುವಿನ ಜೊತೆ ಹೋಲಿಸಿ, ನಿನ್ನೆಯ ಪ್ಲೇಟ್ ಜೊತೆಗಲ್ಲ. ಚೇಂಬರ್ ಒಳಗೆಲ್ಲ ದ್ರಾವಕದ ಆವಿ ತುಂಬಲೆಂದು ಫಿಲ್ಟರ್ ಪೇಪರ್ ನಿಲ್ಲಿಸಿ ದ್ರಾವಕ ಹಾಕಿ ಅರ್ಧ ಗಂಟೆ ಮುಚ್ಚಿಡುತ್ತೀರಿ ತಾನೆ?

ಅರಿಶಿನದ ಹೊಲ

ಮೇಡಂ, ಫಿಲ್ಟರ್ ಪೇಪರ್ ಹಾಕುತ್ತಿರಲಿಲ್ಲ. ದ್ರಾವಕ ಹಾಕಿದ ಕೂಡಲೇ ಪ್ಲೇಟ್ ಇಳಿಸುತ್ತಿದ್ದೆ.

ಬಿಎಸ್ಸಿ ಎರಡನೇ ವರ್ಷ

ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ. ನಮ್ಮಲ್ಲಿ ಅಮೈನೋ ಆಮ್ಲಗಳ ಪ್ರಯೋಗಕ್ಕೆ ಪ್ಲೇಟ್ ಬಳಿಯುವಾಗ ಮೇಲ್ಮೈ ರವೆಯಂತೆ ತರಿತರಿಯಾಗಿ ಬರುತ್ತದೆ, ಚುಕ್ಕೆಗಳು ಹರಡಿಕೊಳ್ಳುತ್ತವೆ. ಡಬ್ಬಿಯ ಮೇಲೆ ಸಿಲಿಕಾ ಜೆಲ್ 60–120 ಮೆಶ್ ಎಂದಿದೆ. ಇದಕ್ಕೂ ತೇವವೇ ಕಾರಣವೇ?

ಮಲಪ್ರಭೆ

ನಿಮ್ಮದು ಬೇರೆಯದೇ ತೊಂದರೆ. 60–120 ಮೆಶ್ ಕಾಲಮ್‌ಗೆ (ಉದ್ದನೆಯ ಗಾಜಿನ ಕೊಳವೆಗೆ) ತುಂಬುವ ಸಿಲಿಕಾ. ಅದರ ಕಣಗಳ ಗಾತ್ರ ಸುಮಾರು 125ರಿಂದ 250 ಮೈಕ್ರಾನ್. ನೀವು ಮಾಡಬೇಕಾದ ಪದರವೇ 250 ಮೈಕ್ರಾನ್ (0.25 ಮಿ.ಮೀ.). ಅಂದರೆ ಒಂದು ಅಥವಾ ಎರಡು ಕಣ ಒಂದರ ಮೇಲೊಂದು ಕೂತರೆ ಪದರ ಮುಗಿಯಿತು. ಗೋಡೆಗೆ ಗಾರೆ ಬಳಿಯುವ ಬದಲು ಜಲ್ಲಿ ಅಂಟಿಸಿದ ಹಾಗೆ. ಟಿಎಲ್‌ಸಿಗೆಂದೇ ಬರುವ ಪುಡಿಯ ಕಣಗಳು ಸಾಮಾನ್ಯವಾಗಿ 10ರಿಂದ 40 ಮೈಕ್ರಾನ್, ಬೆರಳಿಗೆ ಮೈದಾ ಹಿಟ್ಟಿನಷ್ಟು ನುಣುಪು. ಕಾಲಮ್ ಸಿಲಿಕಾದಲ್ಲಿ ಜಿಪ್ಸಂ ಕೂಡ ಇರುವುದಿಲ್ಲ. ಡಬ್ಬಿಯ ಮೇಲೆ ಜಿ ಎಂದಿದೆಯೇ ನೋಡಿ. ಎಚ್ ಎಂದಿದ್ದರೆ ಹಿಡಿಯುವ ಜಿಪ್ಸಂ ಬೆರೆಸಿಲ್ಲ ಎಂದರ್ಥ.

ಈ ಜಿ ಅಕ್ಷರದ ಹಿಂದೆ ಒಂದು ಕಥೆ ಇದೆ, ನನಗೆ ಬಹಳ ಇಷ್ಟವಾದದ್ದು. 1938ರಲ್ಲಿ ಉಕ್ರೇನ್‌ನ ಖಾರ್ಕಿವ್‌ನಲ್ಲಿ ಇಜ್ಮೈಲೋವ್ ಮತ್ತು ಶ್ರೈಬರ್ ಎಂಬ ಇಬ್ಬರು ಸೂಕ್ಷ್ಮದರ್ಶಕದ ಗಾಜಿನ ಮೇಲೆ ಅಲ್ಯೂಮಿನಾ ಹರಡಿ, ಔಷಧಿ ಗಿಡಗಳ ರಸವನ್ನು ಹನಿಯಾಗಿ ಬಿಟ್ಟು ಬೇರ್ಪಡಿಸಿದರು. ಆ ಪದರಕ್ಕೆ ಅಂಟು ಇರಲಿಲ್ಲ. 1951ರಲ್ಲಿ ಅಮೆರಿಕದ ಕಿರ್ಚ್‌ನರ್ ಮತ್ತು ಸಂಗಡಿಗರು ಗಾಜಿನ ಪಟ್ಟಿಗಳಿಗೆ ಸಿಲಿಕಾವನ್ನು ಪಿಷ್ಟದಿಂದ ಅಂಟಿಸಿ, ನಿಂಬೆ ಜಾತಿಯ ಹಣ್ಣುಗಳ ಎಣ್ಣೆಯಲ್ಲಿರುವ ಟರ್ಪೀನ್‌ಗಳನ್ನು ಬೇರ್ಪಡಿಸಿದರು. ಜರ್ಮನಿಯ ಎಗೊನ್ ಸ್ಟಾಲ್ 1956ರಿಂದ ಪುಡಿಯ ನುಣುಪು, ಜಿಪ್ಸಂ, ಪದರದ ದಪ್ಪ, ಬಳಿಯುವ ಉಪಕರಣ ಎಲ್ಲವನ್ನೂ ಒಂದು ಕ್ರಮಕ್ಕೆ ತಂದ ಮೇಲೆಯೇ ಈ ವಿಧಾನ ಪ್ರಪಂಚದ ಎಲ್ಲ ಪ್ರಯೋಗಾಲಯಗಳಿಗೆ ಹೋಯಿತು. ಇಲ್ಲಿ ಈಗ ಮಾತಾಡುತ್ತಿರುವ ಉದುರುವಿಕೆ, ದಪ್ಪ, ತೇವ ಇವುಗಳೇ ಅವರೆಲ್ಲರ ತಲೆ ತಿಂದ ಪ್ರಶ್ನೆಗಳು.

ಬಿಎಸ್ಸಿ ಎರಡನೇ ವರ್ಷ

ಧನ್ಯವಾದಗಳು. ಹಾಗಾದರೆ ಅಂಟಿಗೆ ಅಕ್ಕಿ ಗಂಜಿ ಅಥವಾ ಮೈದಾ ಬೆರೆಸಬಹುದೇ?

ಕರಾವಳಿ ಮಳೆ

ಪಿಷ್ಟ ಬೆರೆಸಿದ ಪದರ ಗಟ್ಟಿಯಾಗಿಯೇ ನಿಲ್ಲುತ್ತದೆ. ಆದರೆ ಕೊನೆಯಲ್ಲಿ ಚುಕ್ಕೆಯನ್ನು ಹೇಗೆ ಕಾಣಿಸುತ್ತೀರಿ ಎನ್ನುವುದನ್ನು ಮೊದಲೇ ಯೋಚಿಸಿ. ಅಯೋಡಿನ್ ಆವಿಗೆ ಹಿಡಿದರೆ ಪಿಷ್ಟವಿರುವ ಇಡೀ ಪ್ಲೇಟ್ ನೀಲಿಯಾಗುತ್ತದೆ. ಸಲ್ಫ್ಯೂರಿಕ್ ಆಮ್ಲ ಸಿಂಪಡಿಸಿ ಕಾಯಿಸಿದರೆ ಇಡೀ ಪ್ಲೇಟ್ ಕಪ್ಪಾಗುತ್ತದೆ. ಮೈದಾದಲ್ಲಿ ಪ್ರೋಟೀನ್ ಇದೆ, ನಿಮ್ಮದು ಅಮೈನೋ ಆಮ್ಲಗಳನ್ನು ನೇರಳೆಯಾಗಿ ತೋರಿಸುವ ನಿನ್‌ಹೈಡ್ರಿನ್ ಸಿಂಪಡಿಸುವ ಪ್ರಯೋಗ, ಪ್ರೋಟೀನ್ ಕೂಡ ಅದಕ್ಕೆ ಬಣ್ಣ ಕೊಡುತ್ತದೆ, ಆದ್ದರಿಂದ ಅದು ಬೇಡವೇ ಬೇಡ.

ನಿನ್‌ಹೈಡ್ರಿನ್ ಎಂದಾಗ ನೆನಪಾಯಿತು. ಬೆರಳಿನ ಬೆವರಿನಲ್ಲಿಯೂ ಅಮೈನೋ ಆಮ್ಲಗಳಿವೆ. ನಮ್ಮ ವಿದ್ಯಾರ್ಥಿಯೊಬ್ಬ ಪ್ಲೇಟನ್ನು ನಡುವೆ ಹಿಡಿದು ಎತ್ತಿದ್ದ. ಸಿಂಪಡಿಸಿ ಓವನ್‌ನಲ್ಲಿಟ್ಟು ಐದು ನಿಮಿಷಕ್ಕೆ ತೆಗೆದಾಗ, ಗ್ಲೈಸಿನ್ ಮತ್ತು ಲ್ಯೂಸಿನ್ ಚುಕ್ಕೆಗಳ ಪಕ್ಕದಲ್ಲಿ ಅವನ ಹೆಬ್ಬೆರಳಿನ ಗೆರೆಗಳು ಒಂದೂ ಬಿಡದಂತೆ ನೇರಳೆ ಬಣ್ಣದಲ್ಲಿ ಎದ್ದು ನಿಂತಿದ್ದವು. ಆ ಪ್ಲೇಟನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ, ಹೊಸ ಬ್ಯಾಚ್‌ನವರಿಗೆ ಮೊದಲ ದಿನವೇ ತೋರಿಸುತ್ತೇನೆ. ಅಂಚುಗಳನ್ನು ಮಾತ್ರ ಹಿಡಿಯಿರಿ, ಕೈಗವಸು ಹಾಕಿಕೊಳ್ಳಿ.

ಹಳೆಯ ಬೀಕರ್

ಗಾಜಿನ ವಿಷಯ ಬಾಕಿ ಇತ್ತು. ಅರಿಶಿನದ ತಂಗಿ, ನಿಮ್ಮ ಪ್ಲೇಟ್‌ಗಳಲ್ಲಿ ಎಲ್ಲಿಯಾದರೂ ಹಳದಿ ಕೆಂಪಾಗಿ ಅಥವಾ ಕಂದಾಗಿ ತಿರುಗಿದ್ದನ್ನು ಕಂಡಿದ್ದೀರಾ?

ಅರಿಶಿನದ ಹೊಲ

ಹೌದು ಸರ್! ಎರಡು ಪ್ಲೇಟ್‌ಗಳಲ್ಲಿ ಚುಕ್ಕೆ ಇಟ್ಟ ಕಡೆ ಸುತ್ತಲೂ ಕೆಂಗಂದು ಉಂಗುರ ಬಂದಿತ್ತು. ಮಾದರಿಯಲ್ಲಿ ಕಲಬೆರಕೆ ಇರಬಹುದು ಎಂದು ಬರೆದಿಟ್ಟಿದ್ದೆ.

ಹಳೆಯ ಬೀಕರ್

ಅದನ್ನು ಹೊಡೆದುಹಾಕಿ. ಆರತಿ ತಟ್ಟೆಗೆ ಅರಿಶಿನ ಮತ್ತು ಸುಣ್ಣ ಕಲಸಿದಾಗ ನೀರು ಕೆಂಪಾಗುವುದನ್ನು ನೋಡಿಯೇ ಬೆಳೆದವರು ನಾವು. ಕ್ಷಾರ ತಾಗಿದರೆ ಕರ್ಕ್ಯುಮಿನ್ ಬಣ್ಣ ಬದಲಿಸುತ್ತದೆ, ಅಷ್ಟೇ ಅಲ್ಲ, ಒಡೆದೂ ಹೋಗುತ್ತದೆ. ನಿಮ್ಮ ಗಾಜಿನ ಮೇಲೆ ವಾಷಿಂಗ್ ಸೋಡಾ ಉಳಿದಿದೆ, ಅದು ಪದರಕ್ಕೆ ಏರಿ ಅಳೆಯಬೇಕಾದ ವಸ್ತುವನ್ನೇ ತಿನ್ನುತ್ತಿದೆ.

ಸೋಡಾದಿಂದ ತೊಳೆಯುವುದು ತಪ್ಪಲ್ಲ, ಜಿಡ್ಡು ಅದರಿಂದಲೇ ಹೋಗುತ್ತದೆ. ಆದರೆ ಆಮೇಲೆ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು, ಕೊನೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಸಲ ಜಾಲಿಸಬೇಕು. ಗಾಜನ್ನು ಓರೆಯಾಗಿ ಹಿಡಿದು ನೋಡಿ. ನೀರು ಒಂದೇ ಹಾಳೆಯಾಗಿ ಇಳಿದರೆ ಗಾಜು ಶುಚಿಯಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ, ಅಲ್ಲಿ ಪದರ ಕಚ್ಚುವುದಿಲ್ಲ. ಬಟ್ಟೆಯಿಂದ ಒರೆಸಬೇಡಿ, ನಿಲ್ಲಿಸಿ ಒಣಗಿಸಿ. ಬಳಿಯುವ ಮೊದಲು ಹತ್ತಿಗೆ ಅಸಿಟೋನ್ ಹಾಕಿ ಒಮ್ಮೆ ಸವರಿ. ಹಿಂದೆ ಕ್ರೋಮಿಕ್ ಆಮ್ಲದಲ್ಲಿ ಮುಳುಗಿಸುತ್ತಿದ್ದೆವು. ಅದು ಕ್ಯಾನ್ಸರ್ ತರುವ ವಸ್ತು, ಯಾರಾದರೂ ಸಲಹೆ ಕೊಟ್ಟರೂ ಅದರ ಹತ್ತಿರ ಹೋಗಬೇಡಿ.

ಗುಣಮಟ್ಟ ಪರೀಕ್ಷಕ

ಈ ಚರ್ಚೆ ಓದುತ್ತಿದ್ದೇನೆ. ಸಿದ್ಧ ಪ್ಲೇಟ್ ಸಿಗುವುದಾದರೆ ಅದೇ ಉತ್ತಮ ಎಂಬ ನನ್ನ ಮಾತನ್ನು ಬದಲಿಸುವುದಿಲ್ಲ. ಆದರೆ ಸಿಗದಿರುವಾಗ ಪ್ರಮಾಣದ ಕೆಲಸಕ್ಕೆ ನಾಲ್ಕು ಮಾತು ಸೇರಿಸುತ್ತೇನೆ.

ಪದರ ಸಿದ್ಧವಾದ ಮೇಲೆ ಮಾದರಿ ಹಾಕುವ ಮೊದಲು, ಬರಿಯ ಪ್ಲೇಟನ್ನು ಒಮ್ಮೆ ಮೆಥನಾಲ್‌ನಲ್ಲಿ ಮೇಲಿನವರೆಗೆ ಓಡಿಸಿ. ಸಿಲಿಕಾದಲ್ಲಿರುವ ಕೊಳೆ ಮೇಲಿನ ಅಂಚಿಗೆ ಹೋಗಿ ಹಳದಿ ಗೆರೆಯಾಗಿ ನಿಲ್ಲುತ್ತದೆ. ನಿಮ್ಮ ವಸ್ತುವೂ ಹಳದಿಯೇ ಆದ್ದರಿಂದ ಇದನ್ನು ಬಿಡಬೇಡಿ. ಆಮೇಲೆ ಒಣಗಿಸಿ ಮತ್ತೆ 105 ಡಿಗ್ರಿಯಲ್ಲಿಡಿ.

ಕೆರೆದು ಓದುವಾಗ ಖಾಲಿ ಅಳತೆಗೆ ಬರೀ ಮೆಥನಾಲ್ ಇಟ್ಟರೆ ಸಾಲದು. ಅದೇ ಪ್ಲೇಟ್‌ನಲ್ಲಿ ಏನೂ ಹಾಕದ ಒಂದು ಸಾಲು ಬಿಟ್ಟುಕೊಂಡು, ಅದೇ ಎತ್ತರದಲ್ಲಿ ಅಷ್ಟೇ ಅಗಲದ ಸಿಲಿಕಾ ಕೆರೆದು ಅದನ್ನು ಖಾಲಿ ಮಾದರಿಯಾಗಿ ಬಳಸಿ. ದ್ರಾವಣವನ್ನು ಸೆಂಟ್ರಿಫ್ಯೂಜ್ ಮಾಡಲೇಬೇಕು. ಕಣ್ಣಿಗೆ ಕಾಣದ ಸಿಲಿಕಾ ತೇಲುತ್ತಿದ್ದರೂ ಬೆಳಕನ್ನು ಚದುರಿಸುತ್ತದೆ, ಯಂತ್ರ ಅದನ್ನೂ ಕರ್ಕ್ಯುಮಿನ್ ಎಂದೇ ಎಣಿಸುತ್ತದೆ. ಕರ್ಕ್ಯುಮಿನ್‌ಗೆ ಬೆಳಕೂ ಆಗದು. ಕಿಟಕಿಯ ಪರದೆ ಎಳೆಯಿರಿ, ಟ್ಯೂಬ್‌ಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಓಡಿ ಮುಗಿದ ಪ್ಲೇಟನ್ನು ನಾಳೆಗೆಂದು ಇಡಬೇಡಿ. ಕ್ಲೋರೋಫಾರ್ಮ್ ಕೆಲಸವೆಲ್ಲ ಫ್ಯೂಮ್ ಹುಡ್‌ನಲ್ಲಿಯೇ ಆಗಲಿ.

ಅರಿಶಿನದ ಹೊಲ

ಹನ್ನೆರಡು ದಿನಗಳ ಮೇಲೆ ಬರೆಯುತ್ತಿದ್ದೇನೆ.

ಹಳೆಯ ಡಬ್ಬಿಯ ಪುಡಿ ವಾಚ್‌ಗ್ಲಾಸ್ ಮೇಲೆ ಒಂದು ಗಂಟೆಯಾದರೂ ಗಟ್ಟಿಯಾಗಲಿಲ್ಲ. ಪಕ್ಕದ ವಿಭಾಗದಲ್ಲಿ ಸೀಲ್ ಒಡೆಯದ ಜಿ ಡಬ್ಬಿ ಇತ್ತು, ಅವರು 100 ಗ್ರಾಂ ಕೊಟ್ಟರು. ಅದು ಐದನೇ ನಿಮಿಷಕ್ಕೆ ಬಿಗಿಯಿತು. ಸ್ಕ್ರೂಗೇಜ್‌ನಿಂದ ಅಳೆದರೆ ನನ್ನ ಟೇಪ್‌ನ ಒಂದು ಪದರ 0.13 ಮಿ.ಮೀ. ಇದೆ. ಇಷ್ಟು ದಿನ ಎಡಕ್ಕೆ ಎರಡು ಪದರ, ಬಲಕ್ಕೆ ಮೂರು ಪದರ ಅಂಟಿಸಿದ್ದೆ ಎಂದು ಆಗ ತಿಳಿಯಿತು. ಈಗ ಎರಡೂ ಕಡೆ ಎರಡೆರಡು.

ಮೊದಲ ಎರಡು ಪ್ಲೇಟ್‌ಗಳಲ್ಲಿ ಕಡ್ಡಿ ಎಳೆಯುವಾಗ ನಡುವೆ ಕೈ ನಿಂತು ಅಡ್ಡಗೆರೆ ಬಿತ್ತು. ಮೂರನೆಯದರಿಂದ ಒಂದೇ ಉಸಿರಿನಲ್ಲಿ ಎಳೆದೆ. ಹೊಳಪು ಸರಿದುಹೋಗುವುದನ್ನು ಕೂತು ನೋಡಿದೆ, ಬೀಕರ್ ಸರ್ ಹೇಳಿದ ಹಾಗೆಯೇ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಯಿತು. ಮರುದಿನ ಬೆರಳಿನಿಂದ ಮೆಲ್ಲಗೆ ಉಜ್ಜಿದರೂ ಪುಡಿ ಬರಲಿಲ್ಲ.

ಆರು ಪ್ಲೇಟ್‌ಗಳಲ್ಲಿ ಶುದ್ಧ ಕರ್ಕ್ಯುಮಿನ್‌ನ ಆರ್‌ಎಫ್ 0.70ರಿಂದ 0.73ರ ಒಳಗೇ ಇದೆ. ಮೂರು ಹಳದಿ ಪಟ್ಟಿಗಳೂ ಬೇರೆ ಬೇರೆಯಾಗಿ ನಿಂತವು, ಕೆಂಗಂದು ಉಂಗುರ ಒಂದರಲ್ಲೂ ಇಲ್ಲ. ಕಲಬೆರಕೆ ಎಂದು ಬರೆದಿದ್ದ ಪುಟವನ್ನು ಗೈಡ್‌ಗೆ ತೋರಿಸಿ, ಕಾರಣ ಬರೆದು ಹೊಡೆದುಹಾಕಿದೆ. ಆ ಅಂಗಡಿಯ ಪುಡಿ ಚೆನ್ನಾಗಿಯೇ ಇದೆ.

ಒಂದೇ ಮಾದರಿಯನ್ನು ಮೂರು ಪ್ಲೇಟ್‌ಗಳಲ್ಲಿ ಕೆರೆದು ಓದಿದಾಗ ಮೂರೂ ಓದುಗಳು ಹತ್ತಿರ ಹತ್ತಿರ ಬಂದವು. ಇನ್ನು ಹೊಲಗಳ ಮಾದರಿಗಳನ್ನು ಶುರು ಮಾಡುತ್ತೇನೆ.

ಹಳೆಯ ಬೀಕರ್

ಬಹಳ ಸಂತೋಷವಾಯಿತು ತಂಗಿ. ಉಳಿದ ಪುಡಿಯನ್ನು ಬಿಗಿ ಮುಚ್ಚಳದ ಬಾಟಲಿಗೆ ಹಾಕಿ, ತೆರೆದ ದಿನಾಂಕ ಬರೆದು ಡೆಸಿಕೇಟರ್‌ನಲ್ಲಿಡಿ. ಮುಂದಿನ ವರ್ಷದವರಿಗೆ ಬೇಕಾಗುತ್ತದೆ. ಯಾವ ಹೊಲದಿಂದ ಶುರು ಮಾಡುತ್ತೀರಿ?

ಅರಿಶಿನದ ಹೊಲ

ಬಾಟಲಿಗೆ ಹಾಕಿ ದಿನಾಂಕ ಬರೆದಿದ್ದೇನೆ ಸರ್. ನಾಳೆ ಅಪ್ಪನ ಹೊಲದ್ದನ್ನೇ ಹಾಕುತ್ತೇನೆ. ಪ್ಲೇಟ್ ಸರಿಹೋಗುವವರೆಗೆ ಅದನ್ನು ಮುಟ್ಟಬಾರದೆಂದು ಎತ್ತಿಟ್ಟಿದ್ದೆ.